ಅಲುಗಾಡಲೇಬೇಕಾದ ಮಷೀನ್

ಹೊಳೆ ದಂಡೆಯ ಕಲ್ಲುಗಳು ಯಾಕೆ ಅಷ್ಟು ನುಣುಪಾಗಿರುತ್ತವೆ ಅಂತ ಯೋಚಿಸಿದ್ದೀರಾ? ನೀರಿನ ಹರಿವಿಗೆ ಕಲ್ಲು ಕಲ್ಲಿಗೆ, ಮರಳಿಗೆ ಉಜ್ಜಿ ಉಜ್ಜಿ ಚೂಪಾದ ಅಂಚೆಲ್ಲ ಸವೆದುಹೋಗುತ್ತೆ. ಹೊಳೆಗೆ ಇದಕ್ಕೆ ಎಷ್ಟೋ ವರ್ಷ ಬೇಕು. ವೈಬ್ರೇಟರಿ ಫಿನಿಶಿಂಗ್ ಮಷೀನ್ ಲೋಹದ ಭಾಗಗಳಿಗೆ ಇದೇ ಕೆಲಸವನ್ನು ಒಂದೆರಡು ಗಂಟೆಯಲ್ಲಿ ಮಾಡುತ್ತೆ.

ಕಳೆದ ರಜೆಯಲ್ಲಿ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ಎರಡು ವಾರ ಹೋಗಿದ್ದೆ. ಅಲ್ಲಿ ಕಲಿತದ್ದನ್ನು, ಜೊತೆಗೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೀತಿದ್ದೀನಿ.

ಮಷೀನ್ ಒಳಗೆ ಏನಿದೆ?

ಲೋಹವನ್ನು ಕತ್ತರಿಸಿದಾಗ, ಡ್ರಿಲ್ ಮಾಡಿದಾಗ ಅಂಚಿನಲ್ಲಿ ಚೂಪಾದ ಮುಳ್ಳಿನಂಥ ಲೋಹ ಉಳಿಯುತ್ತೆ. ಅದೇ ಬರ್. ಅದು ಕೈ ಕೊಯ್ಯುತ್ತೆ, ಜೋಡಿಸುವಾಗ ಅಡ್ಡ ಬರುತ್ತೆ. ಒಂದೊಂದೇ ಪೀಸ್ ಹಿಡಿದು ಅರದಿಂದ ಉಜ್ಜುತ್ತಾ ಕೂತರೆ ಸಾವಿರ ಪೀಸ್ ಮುಗಿಯೋದು ಯಾವಾಗ?

ಅದಕ್ಕೇ ಈ ಮಷೀನ್. ಇದರ ಬೌಲ್ ದೊಡ್ಡ ಉದ್ದಿನ ವಡೆ ಆಕಾರದಲ್ಲಿರುತ್ತೆ. ಒಳಗೆ ಪಾಲಿಯುರೆಥೇನ್ ಲೈನಿಂಗ್, ಕೆಳಗೆ ಸುತ್ತಲೂ ಸ್ಪ್ರಿಂಗ್, ನಡುವೆ ನೇರ ನಿಂತ ಮೋಟರ್. ಆ ಮೋಟರ್ ಶಾಫ್ಟ್‌ನ ಮೇಲ್ತುದಿಗೂ ಕೆಳತುದಿಗೂ ಒಂದು ಪಕ್ಕಕ್ಕೆ ವಾಲಿದ ತೂಕಗಳನ್ನು ಕೂರಿಸಿರುತ್ತಾರೆ. ಸಾಮಾನ್ಯವಾಗಿ ಬೇರೆ ಮಷೀನ್‌ಗಳಲ್ಲಿ ತಿರುಗುವ ಭಾಗ ಬ್ಯಾಲೆನ್ಸ್ ಆಗಿರಬೇಕು ಅಂತ ಕಷ್ಟಪಡ್ತೀವಿ. ಇಲ್ಲಿ ಬೇಕಂತಲೇ ಬ್ಯಾಲೆನ್ಸ್ ತಪ್ಪಿಸಿದ್ದಾರೆ!

ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿಸಿಕೊಳ್ಳಿ: ಬಲ = ದ್ರವ್ಯರಾಶಿ × ತ್ರಿಜ್ಯ × ಕೋನೀಯ ವೇಗದ ವರ್ಗ. 5 ಕೆಜಿ ತೂಕ ಶಾಫ್ಟ್‌ನಿಂದ 10 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಬಲ ಸುಮಾರು 11,400 ನ್ಯೂಟನ್. ಅಂದ್ರೆ ಒಂದು ಟನ್‌ಗಿಂತ ಹೆಚ್ಚಿನ ಭಾರಕ್ಕೆ ಸಮ. ಲೆಕ್ಕ ಹಾಕಿದಾಗ ನನಗೇ ನಂಬಿಕೆ ಬರಲಿಲ್ಲ.

ಈ ಬಲದಿಂದ ಬೌಲ್ ಕೆಲವು ಮಿಲಿಮೀಟರ್ ಅಲುಗಾಡುತ್ತೆ. ಒಳಗಿರುವುದೆಲ್ಲ ಬೌಲ್ ಸುತ್ತ ಸಾಗುತ್ತಾ, ಅದೇ ಹೊತ್ತಿಗೆ ಮೇಲಿಂದ ಕೆಳಕ್ಕೆ ಉರುಳುತ್ತೆ. ಥೇಟ್ ಹಗ್ಗ ಹೊಸೆದ ಹಾಗೆ. ಮೇಲಿನ ತೂಕ ಮತ್ತು ಕೆಳಗಿನ ತೂಕದ ನಡುವಿನ ಕೋನ ಬದಲಿಸಿದರೆ ಸಾಗುವ ವೇಗ, ಉರುಳುವ ವೇಗ ಎರಡೂ ಬದಲಾಗುತ್ತವೆ.

ಓಡಿಸುವ ಕ್ರಮ

1. ಮೀಡಿಯಾ ಆರಿಸಿ. ಉಜ್ಜುವ ಸಣ್ಣ ಸಣ್ಣ ತುಂಡುಗಳೇ ಮೀಡಿಯಾ. ಉಕ್ಕಿಗೆ ಸಾಮಾನ್ಯವಾಗಿ ಸೆರಾಮಿಕ್, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯಂಥ ಮೆತ್ತನೆ ಲೋಹಕ್ಕೆ ಪ್ಲಾಸ್ಟಿಕ್.

2. ಅಳತೆ ನೋಡಿ. ಮೂರು ಪಾಲು ಮೀಡಿಯಾಕ್ಕೆ ಒಂದು ಪಾಲು ಪೀಸ್. ಇದು ತೂಕದ ಲೆಕ್ಕ ಅಲ್ಲ, ಗಾತ್ರದ ಲೆಕ್ಕ. ನಾಜೂಕಿನ ಪೀಸ್ ಆದರೆ ಮೀಡಿಯಾ ಇನ್ನೂ ಹೆಚ್ಚು ಬೇಕು, ಇಲ್ಲದಿದ್ದರೆ ಪೀಸ್‌ಗೆ ಪೀಸ್ ಬಡಿದು ಏಟಿನ ಗುರುತು ಬೀಳುತ್ತೆ.

3. ನೀರು ಮತ್ತು ಕಾಂಪೌಂಡ್ ಸಣ್ಣಗೆ ಹರಿಯುತ್ತಿರಲಿ. ನೀರು ಜಾಸ್ತಿ ಆದರೆ ಉರುಳೋದು ನಿಧಾನ ಆಗುತ್ತೆ. ಕಡಿಮೆ ಆದರೆ ಸವೆದ ಪುಡಿ ಹೊರಗೆ ಹೋಗದೆ ಪೀಸ್ ಕಪ್ಪಾಗುತ್ತೆ.

4. ಹದಿನೈದು ನಿಮಿಷಕ್ಕೊಮ್ಮೆ ಮಷೀನ್ ನಿಲ್ಲಿಸಿ ಒಂದು ಪೀಸ್ ತೆಗೆದು ನೋಡಿ. ಸ್ವಿಚ್ ಆಫ್ ಮಾಡಿದ ತಕ್ಷಣ ಕೈ ಹಾಕಬೇಡಿ. ವೇಗ ಇಳಿಯುವಾಗ ರೆಸೊನೆನ್ಸ್ ದಾಟುತ್ತೆ, ಆ ಕೆಲವು ಸೆಕೆಂಡ್ ಬೌಲ್ ಓಡುವಾಗಿಗಿಂತ ಜೋರಾಗಿ ತೂಗಾಡುತ್ತೆ. ಕ್ಲಾಸಿನಲ್ಲಿ ಅರ್ಥ ಆಗದ ರೆಸೊನೆನ್ಸ್ ಅಲ್ಲಿ ಕಣ್ಣಿಗೇ ಕಾಣಿಸಿತು.

5. ಉಕ್ಕಿನ ಪೀಸ್ ಹೊರಗೆ ಬಂದ ಕೂಡಲೇ ತೊಳೆದು ಒಣಗಿಸಿ. ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತೆ.

ನನ್ನ ತಪ್ಪು

ಎರಡನೇ ವಾರ ಅಲ್ಲಿನ ಆಪರೇಟರ್ ಅಣ್ಣ ಒಂದು ಲೋಡ್ ನನಗೇ ಬಿಟ್ಟರು. 8 ಮಿ.ಮೀ. ತೂತಿರುವ ಇನ್ನೂರು ಉಕ್ಕಿನ ಬ್ರಾಕೆಟ್. "ಮೊದಲು ಮೀಡಿಯಾ ಜರಡಿ ಹಿಡಿಯಮ್ಮಾ" ಅಂದಿದ್ದರು. ನಿನ್ನೆ ಚೆನ್ನಾಗೇ ಓಡಿತ್ತಲ್ಲ ಅಂತ ನಾನು ಹಿಡಿಯಲಿಲ್ಲ. ಮಷೀನ್ ಶಬ್ದ ಸರಿಯಾಗೇ ಇತ್ತು, ಮೀಡಿಯಾ ಚೆನ್ನಾಗೇ ಉರುಳ್ತಿತ್ತು. ಒಂದು ಗಂಟೆ ಆದಮೇಲೆ ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಬ್ರಾಕೆಟ್‌ಗಳ ತೂತಿನಲ್ಲಿ ಮೀಡಿಯಾ ಸಿಕ್ಕಿಕೊಂಡಿತ್ತು!

ಕಾರಣ ಸರಳ. ಪೀಸ್ ಸವೆಯುವ ಹಾಗೆ ಮೀಡಿಯಾನೂ ಸವೆಯುತ್ತೆ. ಹೊಸದರಲ್ಲಿ 10 ಮಿ.ಮೀ. ಇದ್ದ ತುಂಡುಗಳು ಸವೆದು ಸವೆದು ತೂತಿನ ಅಳತೆಗೇ ಬಂದಿದ್ದವು. ಮೀಡಿಯಾ ಯಾವಾಗಲೂ ತೂತಿಗಿಂತ ಸಾಕಷ್ಟು ದೊಡ್ಡದಿರಬೇಕು, ಇಲ್ಲಾ ಸಲೀಸಾಗಿ ಆಚೆ ಬೀಳುವಷ್ಟು ಚಿಕ್ಕದಿರಬೇಕು.

ಅಣ್ಣ ಬೈಯಲಿಲ್ಲ. ಒಂದು ಪಂಚ್, ಒಂದು ಸಣ್ಣ ಸುತ್ತಿಗೆ ನನ್ನ ಕೈಗೆ ಕೊಟ್ಟು, ಇನ್ನೊಂದು ಜೊತೆ ತಾವು ಹಿಡಿದು ಪಕ್ಕದಲ್ಲೇ ಕೂತರು. ಇಬ್ಬರೂ ಸಂಜೆವರೆಗೆ ಒಂದೊಂದೇ ತುಂಡು ಹೊಡೆದು ತೆಗೆದೆವು. ಕೆಲವು ಬ್ರಾಕೆಟ್ ಬಗ್ಗಿ ಸ್ಕ್ರ್ಯಾಪ್‌ಗೆ ಹೋದವು. ಒಂದು ಪೀಸ್‌ಗೆ ಕೆಲವೇ ರೂಪಾಯಿ ಸಿಗುವ ಜಾಬ್ ವರ್ಕ್ ಅದು. ಆ ದಿನದ ದುಡಿಮೆ ನನ್ನಿಂದ ಹೋಯಿತು ಅನ್ನೋದು ಈಗಲೂ ಚುಚ್ಚುತ್ತೆ.

ದಿನಾ ನೋಡಬೇಕಾದ್ದು

- ಮೀಡಿಯಾ ಜರಡಿ ಹಿಡಿದು ಸವೆದದ್ದನ್ನು ತೆಗೆಯಿರಿ, ಅಷ್ಟೇ ಹೊಸದು ಸೇರಿಸಿ.
- ನೀರು ಹೋಗುವ ಜಾಲರಿ ಕಟ್ಟಿಕೊಂಡಿದೆಯಾ ನೋಡಿ.
- ಸ್ಪ್ರಿಂಗ್ ಮುರಿದಿದೆಯಾ, ಬೋಲ್ಟ್ ಸಡಿಲ ಆಗಿದೆಯಾ ನೋಡಿ. ಅಲುಗಾಡುವ ಮಷೀನ್ ತನ್ನ ಬೋಲ್ಟನ್ನು ತಾನೇ ಬಿಚ್ಚಿಕೊಳ್ಳುತ್ತೆ.
- ಲೈನಿಂಗ್ ಸವೆದು ಒಳಗಿನ ಲೋಹ ಕಾಣುತ್ತಿದ್ದರೆ ಓಡಿಸಬೇಡಿ.
- ಬೇರಿಂಗ್‌ಗೆ ತಯಾರಕರು ಹೇಳಿದ ಗ್ರೀಸ್, ಹೇಳಿದಷ್ಟೇ ಹಾಕಿ.
- ಹೊರಬರುವ ಕೊಳೆನೀರಿನಲ್ಲಿ ಲೋಹದ ಪುಡಿ ಇರುತ್ತೆ. ಅದನ್ನು ನೇರ ಚರಂಡಿಗೆ ಬಿಡಬಾರದು.
- ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.

ಮಷೀನ್ ಓಡ್ತಿದೆ ಅಂದ್ರೆ ಕೆಲಸ ಸರಿಯಾಗಿ ಆಗ್ತಿದೆ ಅಂತ ಅಲ್ಲ. ನಾನು ಶಬ್ದ ಕೇಳಿ ಸಮಾಧಾನಪಟ್ಟೆ, ಅಣ್ಣ ಆಗಿದ್ದರೆ ಒಂದು ಹಿಡಿ ಮೀಡಿಯಾ ಕೈಯಲ್ಲಿ ತಗೊಂಡು ನೋಡ್ತಿದ್ದರು. ನಿಮಗೂ ಯಾವಾಗಲಾದರೂ ಶಾಪ್ ಫ್ಲೋರ್‌ಗೆ ಹೋಗುವ ಅವಕಾಶ ಸಿಕ್ಕರೆ ಮೊದಲು ಜರಡಿ ಎಲ್ಲಿದೆ ಅಂತ ಕೇಳಿ.