ಅನ್ನದೊಳಗಿನ ಖನಿಜ

ಆಷಾಢದ ಮಳೆ ಹಿಡಿದಾಗ ಭಟ್ಕಳ, ಹೊನ್ನಾವರ, ಕುಮಟಾಗಳ ಅಡುಗೆಮನೆಗಳಲ್ಲಿ ಒಂದು ಸಣ್ಣ ಸಂಗತಿಯನ್ನು ಕಾಣಬಹುದು. ಪಾತ್ರೆಯಲ್ಲಿಟ್ಟ ಕಲ್ಲುಪ್ಪು ತಾನಾಗಿಯೇ ನೀರೊಡೆಯುತ್ತದೆ. ಆ ನೀರನ್ನು ನಾಲಗೆಗೆ ಸೋಂಕಿಸಿದರೆ ಉಪ್ಪಿನೊಡನೆ ತುಸು ಕಹಿಯೂ ತೋರುತ್ತದೆ. ಶುದ್ಧವಾದ ಉಪ್ಪು ಇಷ್ಟು ಬೇಗ ನೀರಾಗದು. ಅದರೊಡನೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣವು ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ, ಕಹಿಯೂ ಅದರದೇ.

ಈ ಲವಣ ಬಂದುದು ಸಮುದ್ರದಿಂದ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಆಗರಗಳಲ್ಲಿ ನಿಲ್ಲಿಸಿ ಉಪ್ಪು ತೆಗೆಯುತ್ತಾರೆ. ಬಿಸಿಲಿಗೆ ನೀರು ಆವಿಯಾಗುತ್ತ ಬಂದಂತೆ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಬಹುಪಾಲು ಕಹಿನೀರಿನಲ್ಲಿಯೇ ಉಳಿಯುತ್ತವೆ.

ಸಸ್ಯಗಳಿಗೂ ಈ ಖನಿಜ ಬೇಕು. ಎಲೆಗೆ ಹಸಿರು ಬಣ್ಣವನ್ನು ಕೊಡುವ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಪರಮಾಣು ನೆಲೆಸಿದೆ. ಪತ್ರಹರಿತ್ತಿನ ರಚನೆಯನ್ನು ಶೋಧಿಸಿದ ಜರ್ಮನಿಯ ವಿಜ್ಞಾನಿ ರಿಚರ್ಡ್ ವಿಲ್‌ಸ್ಟಾಟರ್ ಅವರಿಗೆ 1915ರ ನೊಬೆಲ್ ಪಾರಿತೋಷಕ ದೊರೆಯಿತು. ಹಿತ್ತಿಲಿನ ಹರಿವೆ ಸೊಪ್ಪು ಹಸಿರಾಗಿದೆಯೆಂದರೆ ಅದರಲ್ಲಿ ಮೆಗ್ನೀಸಿಯಂ ಇದ್ದೇ ಇದೆ.

ಮಾನವ ದೇಹದಲ್ಲಿ ಇದರ ಕಾರ್ಯವೇನು? ವಯಸ್ಕನ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎಲುಬುಗಳಲ್ಲಿದೆ. ಉಳಿದುದು ಸ್ನಾಯುಗಳಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಹರಡಿದೆ. ರಕ್ತದಲ್ಲಿರುವುದು ಶೇಕಡಾ ಒಂದಕ್ಕಿಂತ ಕಡಿಮೆ. 300ಕ್ಕೂ ಹೆಚ್ಚು ಕಿಣ್ವಗಳು ತಮ್ಮ ಕೆಲಸಕ್ಕೆ ಮೆಗ್ನೀಸಿಯಂನ ನೆರವನ್ನು ಬಯಸುತ್ತವೆ. ಉಂಡ ಆಹಾರ ಶಕ್ತಿಯಾಗಿ ಮಾರ್ಪಡುವುದಕ್ಕೆ, ನರಗಳು ಸಂದೇಶವನ್ನು ಒಯ್ಯುವುದಕ್ಕೆ, ಸಂಕುಚಿಸಿದ ಸ್ನಾಯು ಮತ್ತೆ ಸಡಿಲಗೊಳ್ಳುವುದಕ್ಕೆ, ಹೃದಯ ಲಯಬದ್ಧವಾಗಿ ಮಿಡಿಯುವುದಕ್ಕೆ ಇದು ಅಗತ್ಯ. ಇದರ ಕೊರತೆಯಾದರೆ ಹಸಿವು ಕುಗ್ಗುತ್ತದೆ, ಆಯಾಸ ತೋರುತ್ತದೆ. ಕೊರತೆ ತೀವ್ರವಾದರೆ ಸ್ನಾಯುಗಳು ಸೆಳೆಯುತ್ತವೆ, ಹೃದಯದ ಲಯ ತಪ್ಪುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದಂತೆ ವಯಸ್ಕ ಪುರುಷರಿಗೆ ದಿನಕ್ಕೆ 440 ಮಿಲಿಗ್ರಾಂ, ಸ್ತ್ರೀಯರಿಗೆ 370 ಮಿಲಿಗ್ರಾಂ ಮೆಗ್ನೀಸಿಯಂ ಬೇಕು. ಇದನ್ನು ಕಲ್ಲುಪ್ಪಿನಿಂದಲೇ ಪಡೆಯಬಾರದೆ ಎಂದು ಯಾರಾದರೂ ಕೇಳಬಹುದು. ಅದು ಸಲ್ಲದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟು ಉಪ್ಪಿನಲ್ಲಿ ದೊರೆಯುವ ಮೆಗ್ನೀಸಿಯಂ ತೀರ ಅಲ್ಪ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ.

ಹಾಗಾದರೆ ಅದು ದೊರೆಯುವುದೆಲ್ಲಿ? ನಮ್ಮ ಅನ್ನದಲ್ಲಿಯೇ. ಅಕ್ಕಿಯ ಕಾಳಿನ ಮೆಗ್ನೀಸಿಯಂ ಹೆಚ್ಚಾಗಿ ಹೊರಪದರದಲ್ಲಿಯೂ ಮೊಳಕೆಯ ಭಾಗದಲ್ಲಿಯೂ ಅಡಗಿದೆ. ತವುಡು ತೆಗೆಯದ 100 ಗ್ರಾಂ ಅಕ್ಕಿಯಲ್ಲಿ 90 ಮಿಲಿಗ್ರಾಂಗೂ ಹೆಚ್ಚು ಮೆಗ್ನೀಸಿಯಂ ಇದ್ದರೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಉಳಿಯುವುದು ಸುಮಾರು 20 ಮಿಲಿಗ್ರಾಂ ಮಾತ್ರ. ಗಿರಣಿಯಲ್ಲಿ ಅಕ್ಕಿ ಬೆಳ್ಳಗಾದಷ್ಟೂ ಸತ್ವ ತವುಡಿನೊಡನೆ ದನಗಳ ಪಾಲಾಗುತ್ತದೆ.

ಈ ಕರಾವಳಿಯ ಹಿರಿಯರು ಖನಿಜಗಳ ಹೆಸರನ್ನು ಅರಿತವರಲ್ಲ. ಆದರೆ ಅವರ ಊಟದಲ್ಲಿ ಕೆಂಪು ಕುಚ್ಚಲಕ್ಕಿಯ ಗಂಜಿ ಇತ್ತು, ಹಿತ್ತಿಲಿನ ಬಸಳೆ ಹರಿವೆಗಳಿದ್ದವು. ಅಘನಾಶಿನಿಯ ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿ ನಿಲ್ಲುವ ಈ ತಳಿಯ ಅಕ್ಕಿ ಕೆಂಪು. ಇಂದು ಕಗ್ಗದ ಗದ್ದೆಗಳು ಕಡಿಮೆಯಾಗಿವೆ. ಊಟದೆಲೆಯ ಮೇಲೆ ಬಿಳಿ ಅನ್ನವೇ ಹೆಚ್ಚಾಗಿದೆ. ತಳಿಯೊಂದು ಮರೆಯಾದರೆ ಅದರೊಡನೆ ಊಟದ ಪದ್ಧತಿಯೊಂದೂ ಮರೆಯಾಗುತ್ತದೆಯೆಂಬುದನ್ನು ನಾವು ಗಮನಿಸಬೇಕು.

ಅಕ್ಕಿಯೊಂದೇ ಸಾಲದು. 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ, ಗೇರುಬೀಜದಲ್ಲಿ ಸುಮಾರು 300 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಉದ್ದು, ಹುರುಳಿ, ಶೇಂಗಾ, ಎಳ್ಳು ಇವುಗಳಲ್ಲಿಯೂ ಅದು ಸಾಕಷ್ಟಿದೆ. ಅಡುಗೆಯ ಕ್ರಮವೂ ಮುಖ್ಯ. ಸೊಪ್ಪನ್ನು ಬೇಯಿಸಿದ ನೀರನ್ನೂ ಅನ್ನದ ತಿಳಿಯನ್ನೂ ಚೆಲ್ಲಿದರೆ ಅದರಲ್ಲಿ ಕರಗಿದ ಖನಿಜವೂ ಹೋಗುತ್ತದೆ. ಗಂಜಿಯಾಗಿ ಉಂಡರೆ ಅದು ಉಳಿಯುತ್ತದೆ.

ಆರೋಗ್ಯವಂತರ ಮೂತ್ರಪಿಂಡಗಳು ಆಹಾರದಿಂದ ಬಂದ ಹೆಚ್ಚುವರಿ ಮೆಗ್ನೀಸಿಯಂ ಅನ್ನು ಹೊರಹಾಕುತ್ತವೆ. ಮಾತ್ರೆಗಳ ವಿಷಯ ಹಾಗಲ್ಲ. ಅವು ಮಿತಿ ಮೀರಿದರೆ ಭೇದಿಯಾಗುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಅಪಾಯವೂ ಉಂಟು. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ಸೇವಿಸಬಾರದು. ಯಾವ ಖನಿಜವೂ ಸರ್ವರೋಗಕ್ಕೆ ಮದ್ದಲ್ಲ.

ಬಿಳುಪನ್ನೇ ಶ್ರೇಷ್ಠತೆಯೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅಕ್ಕಿಯ ವಿಷಯದಲ್ಲಿ ಆ ಭಾವನೆ ನಮಗೆ ನಷ್ಟವನ್ನೇ ತಂದಿದೆ. ಕೆಂಪಕ್ಕಿಯ ಗಂಜಿಯೂ ಒಂದು ಹಿಡಿ ಸೊಪ್ಪೂ ಬಡವನ ಊಟವೆಂದು ಯಾರೂ ನಾಚಬೇಕಾಗಿಲ್ಲ. ನಮ್ಮ ಎಲುಬು, ನರ, ಹೃದಯಗಳು ಕೇಳುವ ಸಂಪತ್ತು ಆ ಊಟದಲ್ಲಿಯೇ ಇದೆ.