ಮನೆಯ ಗಣಕಯಂತ್ರದಲ್ಲಿ ಚಿತ್ರಭಂಡಾರದ ಒಡೆತನ

ಛಾಯಾಚಿತ್ರಗಳು ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ಸಾಮಾನ್ಯವಾಗಿ ಮನೆಗೊಂದು ಆಲ್ಬಂ ಇರುತ್ತಿತ್ತು. ಕಪ್ಪು ಹಾಳೆಗಳ ನಡುವೆ ಬಟರ್ ಪೇಪರು ಹಾಕಿ, ಪ್ರತಿ ಚಿತ್ರದ ನಾಲ್ಕು ತುದಿಗಳನ್ನು ಕಾಗದದ ಮೂಲೆಗಳಲ್ಲಿ ಸಿಕ್ಕಿಸಿ, ಕಬ್ಬಿಣದ ಟ್ರಂಕಿನಲ್ಲೋ ಗೋಡೆಯ ಕಪಾಟಿನಲ್ಲೋ ಜೋಪಾನವಾಗಿ ಇಟ್ಟಿರುತ್ತಿದ್ದ ಆ ಪುಸ್ತಕವು ಮನೆಯಲ್ಲಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಚಿತ್ರದ ಹಿಂಬದಿಯಲ್ಲಿ ಅಜ್ಜಿಯೋ ಸೋದರತ್ತೆಯೋ ಪೆನ್ಸಿಲಿನಿಂದ ಬರೆದಿಟ್ಟ ಹೆಸರೂ ಇಸವಿಯೂ ಪುಟ ತಿರುವಿದವರೆಲ್ಲರಿಗೂ ದೊರೆಯುತ್ತಿದ್ದುವು. ಚಿತ್ರಗಳು ಗಣಕಯಂತ್ರದೊಳಗೆ ಸೇರಿದ ಮೇಲೆ ಈ ಸಹಜಸ್ಥಿತಿ ತಪ್ಪಿತು. ಯಂತ್ರಕ್ಕೆ ಮನೆಯೆಂಬುದರ ಪರಿಚಯವಿಲ್ಲ. ಅದಕ್ಕೆ ಗೊತ್ತಿರುವುದು ಖಾತೆದಾರರು ಮಾತ್ರ.

ತಂದೆ, ತಾಯಿ, ಮಗಳು ಈ ಮೂವರಿಗೂ ಬೇರೆ ಬೇರೆ ಖಾತೆಗಳಿರುವ ಒಂದೇ ಗಣಕಯಂತ್ರದ ಮನೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಹತ್ತು ವರ್ಷಗಳ ಚಿತ್ರಗಳು ತಂದೆಯ ಖಾತೆಯಲ್ಲಿ ಸೇರಿಕೊಂಡಿವೆ. ತಾಯಿ ತಮ್ಮ ಖಾತೆಯಿಂದ ಒಳಹೊಕ್ಕು ನೋಡಿದರೆ ಚಿತ್ರಗಳ ಫೋಲ್ಡರು ಬರಿದಾಗಿ ಕಾಣುತ್ತದೆ. ಮಗಳು ತನ್ನ ಫೋನಿನ ಚಿತ್ರಗಳನ್ನು ತನ್ನ ಖಾತೆಗೇ ಇಳಿಸಿಕೊಳ್ಳುತ್ತಾಳೆ. ಒಂದೇ ಮದುವೆಯ ಚಿತ್ರಗಳು ಮೂರು ಕಡೆ ಹಂಚಿಹೋಗುತ್ತವೆ. ಕೆಲವು ಮೂರು ಬಾರಿ ನಕಲಾಗುತ್ತವೆ, ಕೆಲವು ಎಲ್ಲಿಯೂ ಉಳಿಯುವುದಿಲ್ಲ. ಸ್ಥಳದ ಅಪವ್ಯಯವು ಈಗ ದೊಡ್ಡ ಮಾತಲ್ಲ. ಒಂದು ಚಿತ್ರಕ್ಕೆ ಸುಮಾರು ಮೂರು ಮೆಗಾಬೈಟಿನಂತೆ ಎಣಿಸಿದರೆ ಹತ್ತು ಸಾವಿರ ಚಿತ್ರಗಳಿಗೆ ಮೂವತ್ತು ಗಿಗಾಬೈಟು. ಮೂರು ನಕಲುಗಳಾದರೂ ತೊಂಬತ್ತೇ. ನಿಜವಾದ ಅಪಾಯವಿರುವುದು, ಮನೆಯವರೆಲ್ಲರದೂ ಆಗಿರುವ ವಸ್ತು ಯಂತ್ರದ ಲೆಕ್ಕದಲ್ಲಿ ಒಬ್ಬರದೇ ಆಗಿ, ಅವರೊಬ್ಬರ ಗುಪ್ತಪದದ ಹಿಂದೆ ನಿಂತುಬಿಡುವುದರಲ್ಲಿ.

ಯಂತ್ರವು ಹೀಗೆ ನಡೆದುಕೊಳ್ಳುವುದಕ್ಕೆ ಚಾರಿತ್ರಿಕ ಕಾರಣವಿದೆ. ಗಣಕಯಂತ್ರಗಳು ಅತ್ಯಂತ ದುಬಾರಿಯಾಗಿದ್ದ ಕಾಲದಲ್ಲಿ ಒಂದೇ ಯಂತ್ರವನ್ನು ಪರಸ್ಪರ ಪರಿಚಯವಿಲ್ಲದ ಅನೇಕರು ಹಂಚಿಕೊಳ್ಳಬೇಕಾಗಿತ್ತು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆಯ ವ್ಯವಸ್ಥೆ ಈ ಬಗೆಯ ಮೊದಲ ಯಶಸ್ವಿ ಪ್ರಯತ್ನಗಳಲ್ಲೊಂದು. ಪ್ರತಿಯೊಬ್ಬರ ಕಡತಗಳೂ ಅವರವರಿಗೇ ಸೀಮಿತವಾಗಿರಬೇಕೆಂಬ ಕಾರಣದಿಂದ ಅಲ್ಲಿ ಗುಪ್ತಪದದ ಬಳಕೆ ಬಂದಿತು. ಅನಂತರ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ಬೆಳೆದಂತೆ ಒಡೆತನದ ಕ್ರಮವೊಂದು ರೂಢಿಗೆ ಬಂದಿತು. ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಉಳಿದ ಇತರರು. ಈ ಮೂರು ವರ್ಗಗಳಲ್ಲಿ ಪ್ರತಿಯೊಂದಕ್ಕೂ ಓದುವ, ಬರೆಯುವ, ಚಾಲನೆಗೊಳಿಸುವ ಅನುಮತಿಗಳು ಇರಬಹುದು ಅಥವಾ ಇಲ್ಲದಿರಬಹುದು. ಇಂದು ಮನೆಮನೆಗಳಲ್ಲಿರುವ ಮ್ಯಾಕ್ ಯಂತ್ರಗಳೂ ಲಿನಕ್ಸ್ ಯಂತ್ರಗಳೂ ಈ ಕ್ರಮವನ್ನೇ ಅನುಸರಿಸುತ್ತವೆ. ಅಪರಿಚಿತರನ್ನು ಪರಸ್ಪರ ದೂರವಿಡಲು ಹುಟ್ಟಿದ ಕಟ್ಟಳೆ ಒಂದೇ ಒಲೆಯಲ್ಲಿ ಉಣ್ಣುವವರ ನಡುವೆಯೂ ಜಾರಿಯಲ್ಲಿದೆಯೆಂಬುದು ವಿಚಿತ್ರವೇ ಸರಿ.

ಈ ಕ್ರಮದಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಕಡತವೊಂದು ಹುಟ್ಟಿದಾಗ ಅದನ್ನು ಹುಟ್ಟಿಸಿದವರೇ ಅದರ ಒಡೆಯರಾಗುತ್ತಾರೆ. ಸಾಮಾನ್ಯ ವ್ಯವಸ್ಥೆಯಲ್ಲಿ ಬರೆಯುವ ಅನುಮತಿ ಅವರಿಗೆ ಮಾತ್ರ ದೊರೆಯುತ್ತದೆ, ಉಳಿದವರಿಗೆ ಓದುವುದಷ್ಟೇ. ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿದರೆ ಅದೇ ಡಿಸ್ಕಿನಲ್ಲಿ ಇರುವವರೆಗೆ ಹಳೆಯ ಒಡೆತನ ಹಾಗೆಯೇ ಉಳಿಯುತ್ತದೆ. ನಕಲು ಮಾಡಿದರೆ ನಕಲು ಮಾಡಿದವರ ಹೆಸರಿಗೆ ಹೊಸ ಕಡತ ಹುಟ್ಟುತ್ತದೆ. ಇದನ್ನು ಅರಿಯದವರು ತಮ್ಮ ಚಿತ್ರಭಂಡಾರವನ್ನು ಮ್ಯಾಕ್ ಯಂತ್ರದಲ್ಲಿ ಎಲ್ಲರಿಗೂ ತೆರೆದಿರುವ ‘ಶೇರ್ಡ್’ ಎಂಬ ಫೋಲ್ಡರಿಗೆ ಸರಿಸಿ, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆ ಫೋಲ್ಡರಿನೊಳಗೆ ಯಾರು ಬೇಕಾದರೂ ವಸ್ತುವನ್ನು ಇಡಬಹುದು. ಆದರೆ ಇಟ್ಟವರ ಹೊರತು ಇನ್ನೊಬ್ಬರು ಅದನ್ನು ತೆಗೆದುಹಾಕುವಂತಿಲ್ಲ, ಅದರ ಒಳಗಿನ ಒಡೆತನವೂ ಬದಲಾಗುವುದಿಲ್ಲ. ಆದುದರಿಂದ ತಂದೆಯ ಭಂಡಾರ ಎಲ್ಲರ ಕಣ್ಣಿಗೆ ಬಿದ್ದರೂ ತಾಯಿಯವರು ಅದರಲ್ಲಿ ಒಂದು ಚಿತ್ರವನ್ನು ಸೇರಿಸಲಾರರು.

ಇಷ್ಟೇ ಆಗಿದ್ದರೆ ಅನುಮತಿಗಳನ್ನು ಸಡಿಲಿಸಿ ಸುಮ್ಮನಿರಬಹುದಾಗಿತ್ತು. ಇನ್ನೊಂದು ತೊಡಕು ಭಂಡಾರದ ರಚನೆಯಲ್ಲಿಯೇ ಇದೆ. ಆಪಲ್ ಸಂಸ್ಥೆ 2002ರಲ್ಲಿ ಐಫೋಟೋ ಎಂಬ ತಂತ್ರಾಂಶವನ್ನು ಹೊರತಂದಿತು; 2015ರಲ್ಲಿ ಅದರ ಸ್ಥಾನಕ್ಕೆ ಫೋಟೋಸ್ ಬಂದಿತು. ಇವುಗಳ ಭಂಡಾರವು ಹೊರಗಿನಿಂದ ಒಂದೇ ಕಡತದಂತೆ ಕಂಡರೂ ಒಳಗೆ ಸಾವಿರಾರು ಕಡತಗಳ ಗಂಟು. ಒಂದು ಭಾಗದಲ್ಲಿ ಮೂಲಚಿತ್ರಗಳು. ಮತ್ತೊಂದು ಭಾಗದಲ್ಲಿ ಆ ಚಿತ್ರಗಳ ಕುರಿತಾದ ದಫ್ತರ. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳು ಬೇರೆ, ದಾಸ್ತಾನು ಪುಸ್ತಕ ಬೇರೆ ಇರುವಂತೆ. ಚಿತ್ರ ತೆಗೆದ ದಿನ, ವೇಳೆ, ಕ್ಯಾಮೆರಾದ ಹೆಸರು ಮುಂತಾದುವು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಕ್ರಮದಂತೆ ಚಿತ್ರದ ಕಡತದೊಳಗೇ ಅಡಗಿರುತ್ತವೆ. ಆದರೆ ಯಾವ ಚಿತ್ರ ಯಾವ ಆಲ್ಬಮಿಗೆ ಸೇರಿದ್ದು, ಈ ಮುಖ ಯಾರದು ಎಂಬ ವಿವರಗಳೆಲ್ಲ ದಫ್ತರದಲ್ಲಿವೆ. ತಾಯಿ ತಿಂಗಳುಗಟ್ಟಲೆ ಕುಳಿತು, ಊರಿನ ಹಿರಿಯರನ್ನು ಕೇಳಿ ತಿಳಿದು, ಹಳೆಯ ಚಿತ್ರಗಳ ಮುಖಗಳಿಗೆ ಹೆಸರು ಕೊಟ್ಟಿದ್ದರೆ ಆ ದುಡಿಮೆ ಉಳಿದಿರುವುದು ಅಲ್ಲಿ. ಚಿತ್ರಗಳನ್ನು ಮಾತ್ರ ನಕಲು ಮಾಡಿಕೊಂಡು ಹೋದವರ ಕೈಗೆ ಹೆಸರುಗಳು ಸಿಕ್ಕುವುದಿಲ್ಲ; ಹಿಂಬದಿಯ ಬರಹವನ್ನು ಅಳಿಸಿ ಚಿತ್ರ ಕೊಟ್ಟಂತಾಗುತ್ತದೆ.

ಈ ದಫ್ತರದಲ್ಲಿ ಏಕಕಾಲಕ್ಕೆ ಇಬ್ಬರ ಲೇಖನಿ ಓಡುವಂತಿಲ್ಲ. ಹಾಗೇಕೆ ಎಂಬುದಕ್ಕೆ ಮೇಲೆ ಹೇಳಿದ ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿಯೇ 1960ರ ದಶಕದಲ್ಲಿ ನಡೆದ ಘಟನೆಯೊಂದು ಒಳ್ಳೆಯ ನಿದರ್ಶನ. ಅಲ್ಲಿಯ ಬರಹ ತಿದ್ದುವ ತಂತ್ರಾಂಶವು ಕೆಲಸದ ವೇಳೆ ಒಂದು ತಾತ್ಕಾಲಿಕ ಕಡತವನ್ನು ಸೃಷ್ಟಿಸುತ್ತಿತ್ತು. ಒಂದು ವಿಭಾಗದಲ್ಲಿ ಒಮ್ಮೆಗೆ ಒಬ್ಬರೇ ಕೆಲಸ ಮಾಡುವರೆಂದು ನಂಬಿ ಆ ಕಡತಕ್ಕೆ ಸದಾ ಒಂದೇ ಹೆಸರನ್ನು ಗೊತ್ತುಪಡಿಸಲಾಗಿತ್ತು. ಒಂದು ದಿನ ಇಬ್ಬರು ವ್ಯವಸ್ಥಾಪಕರಲ್ಲಿ ಒಬ್ಬರು ದಿನದ ಪ್ರಕಟಣೆಯನ್ನೂ ಇನ್ನೊಬ್ಬರು ಗುಪ್ತಪದಗಳ ಪಟ್ಟಿಯನ್ನೂ ಏಕಕಾಲಕ್ಕೆ ತಿದ್ದತೊಡಗಿದರು. ಎರಡೂ ಅದಲುಬದಲಾಗಿ, ಯಂತ್ರಕ್ಕೆ ಪ್ರವೇಶಿಸಿದ ಪ್ರತಿಯೊಬ್ಬರಿಗೂ ದಿನದ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳೂ ಓದಲು ದೊರೆತುವು. ಯಾರ ದುರುದ್ದೇಶವೂ ಇಲ್ಲದೆ, ಇಬ್ಬರೂ ತಮ್ಮ ತಮ್ಮ ಕರ್ತವ್ಯವನ್ನೇ ಮಾಡುತ್ತಿದ್ದಾಗ ನಡೆದುಹೋದ ಅನಾಹುತವಿದು. ಇಂದಿನ ಚಿತ್ರಭಂಡಾರಗಳು ಇಂಥ ಅಪಾಯವನ್ನು ತಪ್ಪಿಸಲೆಂದೇ, ಒಬ್ಬರು ತೆರೆದಿರುವಾಗ ಇನ್ನೊಬ್ಬರಿಗೆ ಬಾಗಿಲು ಹಾಕುತ್ತವೆ.

ಒಂದೇ ಭಂಡಾರವನ್ನು ಹಲವು ಖಾತೆಗಳಿಂದ ಬಳಸಲೇಬೇಕೆಂದು ಹೊರಡುವವರಿಗೆ ಮ್ಯಾಕ್ ಯಂತ್ರದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ದಾರಿಯೊಂದಿದೆ. ಭಂಡಾರವನ್ನು ಹೊರಗಿನಿಂದ ಜೋಡಿಸುವ ಪ್ರತ್ಯೇಕ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕಿನ ವಿವರಫಲಕದ ಕೆಳತುದಿಯಲ್ಲಿ ‘ಈ ಡಿಸ್ಕಿನಲ್ಲಿ ಒಡೆತನವನ್ನು ಲೆಕ್ಕಿಸಬೇಡ’ ಎಂಬ ಅರ್ಥದ ಚೌಕಕ್ಕೆ ಗುರುತು ಹಾಕುವುದು. ಆಗ ಆ ಡಿಸ್ಕಿನ ಮಟ್ಟಿಗೆ ಒಡೆಯ, ಗುಂಪು, ಇತರರು ಎಂಬ ಭೇದ ಅಡಗುತ್ತದೆ. ಯಂತ್ರವನ್ನು ಚಾಲನೆಗೊಳಿಸುವ ಮುಖ್ಯ ಡಿಸ್ಕಿಗೆ ಈ ಸೌಲಭ್ಯವಿಲ್ಲ. ಡಿಸ್ಕು ಮ್ಯಾಕ್ ಕ್ರಮದಲ್ಲಿ ಸಿದ್ಧವಾಗಿರಬೇಕು. ಟೈಮ್ ಮಷೀನ್ ರಕ್ಷಣಾಪ್ರತಿಗೆ ಬಳಸುವ ಡಿಸ್ಕು ಇದಕ್ಕೆ ಸಲ್ಲದು. ಸಣ್ಣ ಪೆನ್ ಡ್ರೈವುಗಳ ಮೇಲೂ ಜಾಲದ ಮೂಲಕ ಹಂಚಿದ ಡಿಸ್ಕುಗಳ ಮೇಲೂ ಭಂಡಾರವನ್ನು ಇಡಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ. ಅನಂತರ ಮನೆಯ ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಫೋಟೋಸನ್ನು ತೆರೆದರೆ ಯಾವ ಭಂಡಾರ ಬೇಕೆಂದು ಅದು ಕೇಳುತ್ತದೆ.

ಇಲ್ಲಿ ಬಹುಮಂದಿ ಎಡವುವ ಸ್ಥಳವೊಂದಿದೆ. 2003ರಿಂದ ಮ್ಯಾಕ್ ಯಂತ್ರಗಳಲ್ಲಿ, ಒಬ್ಬರು ತಮ್ಮ ಕೆಲಸವನ್ನು ಮುಚ್ಚದೆಯೇ ಇನ್ನೊಬ್ಬರ ಖಾತೆಗೆ ಹೊರಳುವ ಅನುಕೂಲ ಬಂದಿದೆ. ತಂದೆ ಫೋಟೋಸನ್ನು ತೆರೆದಿಟ್ಟೇ ಎದ್ದುಹೋದರೆ, ಪರದೆಯ ಮೇಲೆ ಕಾಣದಿದ್ದರೂ ಭಂಡಾರ ಅವರ ಹಿಡಿತದಲ್ಲೇ ಇರುತ್ತದೆ. ತಂತ್ರಾಂಶವನ್ನು ಮುಚ್ಚಿದರೂ ಸಾಲದು. ಪ್ರತಿ ಖಾತೆಯೂ ತನ್ನ ‘ಸಿಸ್ಟಂ’ ಭಂಡಾರವೆಂದು ಆರಿಸಿಕೊಂಡದ್ದರ ಮೇಲೆ ಮುಖಗಳನ್ನು ಗುರುತಿಸುವುದು ಮೊದಲಾದ ಕೆಲಸಗಳು ಹಿನ್ನೆಲೆಯಲ್ಲಿ ಸಾಗುತ್ತಲೇ ಇರುತ್ತವೆ. ಆದ್ದರಿಂದ ಸಾಮಾನ್ಯ ಭಂಡಾರವನ್ನು ಒಂದಕ್ಕಿಂತ ಹೆಚ್ಚು ಖಾತೆಗಳಲ್ಲಿ ಸಿಸ್ಟಂ ಭಂಡಾರವನ್ನಾಗಿ ಮಾಡಬಾರದು, ಮತ್ತು ಒಬ್ಬರು ಖಾತೆಯಿಂದ ಸಂಪೂರ್ಣವಾಗಿ ಹೊರಬಂದ ಮೇಲೆಯೇ ಇನ್ನೊಬ್ಬರು ಕೈಹಾಕಬೇಕು. ಇಷ್ಟು ಶಿಸ್ತು ಎಷ್ಟು ಮನೆಗಳಲ್ಲಿ ನಡೆದೀತೆಂಬುದು ಬೇರೆಯ ವಿಚಾರ.

ಹೇಗಿದ್ದರೂ ಒಮ್ಮೆಗೆ ಒಬ್ಬರೇ ಬಳಸಬೇಕಾಗಿರುವುದರಿಂದ, ಒಡೆತನದೊಡನೆ ಗುದ್ದಾಡುವುದಕ್ಕಿಂತ ಚಿತ್ರಗಳಿಗಾಗಿಯೇ ನಾಲ್ಕನೆಯ ಖಾತೆಯೊಂದನ್ನು ತೆರೆದು, ಅದರ ಗುಪ್ತಪದವನ್ನು ಮನೆಯ ಎಲ್ಲ ದೊಡ್ಡವರಿಗೂ ತಿಳಿಸಿಡುವುದು ಬಹುಪಾಲು ಕುಟುಂಬಗಳಿಗೆ ಮೇಲಾದ ಮಾರ್ಗ. ತಾಂತ್ರಿಕರಿಗೆ ಇದು ಅತಿ ಸರಳವೆನಿಸೀತು. ಆದರೆ ಇದರಲ್ಲಿ ಹೊಸ ಚಿತ್ರಗಳೆಲ್ಲ ಒಂದೇ ಹೆಸರಿಗೆ ಹುಟ್ಟುತ್ತವೆ, ದಫ್ತರ ಒಂದೇ ಇರುತ್ತದೆ, ರಕ್ಷಣಾಪ್ರತಿ ತೆಗೆಯುವುದೂ ಸುಲಭ. ವೈಯಕ್ತಿಕವಾದ ಚಿತ್ರಗಳು ಅವರವರ ಖಾತೆಯಲ್ಲೇ ಉಳಿಯಬಹುದು. ಮಗಳು ತನ್ನ ಗೆಳತಿಯರೊಡನೆ ತೆಗೆಸಿಕೊಂಡ ಚಿತ್ರಗಳೆಲ್ಲ ಮನೆಯವರ ಮುಂದೆ ತೆರೆದಿರಬೇಕೆಂದು ಯಾರೂ ಬಯಸಬೇಕಾಗಿಲ್ಲ. ಒಡೆತನವನ್ನೇ ಅಡಗಿಸುವ ಹೊರಡಿಸ್ಕಿನ ಉಪಾಯದಲ್ಲಿ ಈ ಮರೆ ಇರುವುದಿಲ್ಲ.

ಮೂಲಚಿತ್ರಗಳನ್ನು ಭಂಡಾರದ ಹೊರಗೆ, ಎಲ್ಲರೂ ಓದಬಲ್ಲ ಫೋಲ್ಡರಿನಲ್ಲಿ ವರ್ಷವಾರು ಜೋಡಿಸಿಟ್ಟು, ಪ್ರತಿ ಖಾತೆಯ ಫೋಟೋಸಿಗೂ ‘ನಕಲು ಮಾಡಿಕೊಳ್ಳಬೇಡ, ಇದ್ದಲ್ಲೇ ನೋಡಿಕೋ’ ಎಂದು ಸೂಚಿಸುವ ಕ್ರಮವೂ ಉಂಟು. ಚಿತ್ರಗಳು ಒಂದೇ, ದಫ್ತರಗಳು ಮೂರು. ಒಬ್ಬರು ಕೊಟ್ಟ ಹೆಸರು ಇನ್ನೊಬ್ಬರಿಗೆ ಕಾಣುವುದಿಲ್ಲವೆಂಬುದು ಇದರ ಕೊರತೆ. ಹೀಗೆ ಹೊರಗಿಟ್ಟ ಚಿತ್ರಗಳು ಐಕ್ಲೌಡಿಗೆ ಏರುವುದಿಲ್ಲ. ಭಂಡಾರದ ರಕ್ಷಣಾಪ್ರತಿಯಲ್ಲಿಯೂ ಸೇರುವುದಿಲ್ಲವಾದ್ದರಿಂದ ಆ ಫೋಲ್ಡರಿಗೆ ಬೇರೆಯೇ ಪ್ರತಿ ತೆಗೆಯಬೇಕು.

ವಿಂಡೋಸ್ ಯಂತ್ರಗಳಲ್ಲಿ ‘ಪಬ್ಲಿಕ್’ ಎಂಬ ಸಾಮಾನ್ಯ ಫೋಲ್ಡರಿನೊಳಗೆ ಚಿತ್ರಗಳ ಫೋಲ್ಡರೊಂದು ಸಿದ್ಧವಾಗಿಯೇ ಇರುತ್ತದೆ. ಅಲ್ಲಿಗೆ ನಕಲು ಮಾಡಿದ ಚಿತ್ರಗಳು ಯಂತ್ರದ ಎಲ್ಲ ಖಾತೆಗಳಿಗೂ ದೊರೆಯುತ್ತವೆ. ಲಿನಕ್ಸಿನಲ್ಲಿ ಮನೆಯವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಫೋಲ್ಡರಿನಲ್ಲಿ ಹುಟ್ಟುವ ಪ್ರತಿ ಕಡತವೂ ಆ ಗುಂಪಿಗೇ ಸೇರುವಂತೆ ಗುರುತು ಹಾಕಬಹುದು.

ಅಂತರಜಾಲದ ಮೂಲಕ ಈ ತೊಡಕನ್ನು ಬಿಡಿಸುವ ಪ್ರಯತ್ನ 2022ರ ಅಕ್ಟೋಬರಿನಲ್ಲಿ ಬಂದಿತು. ಆಪಲ್ ಸಂಸ್ಥೆಯ ಐಕ್ಲೌಡ್ ಹಂಚಿಕೆಯ ಭಂಡಾರದಲ್ಲಿ, ಅದನ್ನು ಆರಂಭಿಸಿದವರು ಇನ್ನು ಐದು ಮಂದಿಯನ್ನು ಸೇರಿಸಿಕೊಳ್ಳಬಹುದು. ಎಲ್ಲರೂ ಚಿತ್ರಗಳನ್ನು ಸೇರಿಸಬಹುದು, ತಿದ್ದಬಹುದು, ತೆಗೆಯಬಹುದು. ಪ್ರತಿ ಖಾತೆಯಲ್ಲೂ ದಫ್ತರ ಬೇರೆಯಿದ್ದು, ನಡುವೆ ಇರುವ ಸೇವಾಯಂತ್ರವು ಬದಲಾವಣೆಗಳನ್ನು ಒಂದರಿಂದ ಇನ್ನೊಂದಕ್ಕೆ ತಲುಪಿಸುವುದರಿಂದ ಇಬ್ಬರ ಲೇಖನಿ ಒಂದೇ ಹಾಳೆಗೆ ತಾಕುವ ಭಯವಿಲ್ಲ. ಸ್ಥಳದ ಲೆಕ್ಕವೆಲ್ಲ ಆರಂಭಿಸಿದವರ ಖಾತೆಗೇ ಬೀಳುತ್ತದೆ, ಒಬ್ಬರು ಏಕಕಾಲಕ್ಕೆ ಇಂಥ ಒಂದೇ ಭಂಡಾರದಲ್ಲಿ ಇರಬಹುದು. ವಿನೋದವೆಂದರೆ, ಒಂದೇ ಮೇಜಿನ ಮೇಲಿನ ಒಂದೇ ಯಂತ್ರದಲ್ಲಿ ತಂದೆಯ ಖಾತೆಯಿಂದ ತಾಯಿಯ ಖಾತೆಗೆ ಹೋಗಬೇಕಾದ ಚಿತ್ರವು ದೂರದ ಯಾವುದೋ ಊರಿನ ಯಂತ್ರಶಾಲೆಯನ್ನು ಸುತ್ತಿ ಬರುತ್ತದೆ. ಬಂದು ಅದೇ ಡಿಸ್ಕಿನಲ್ಲಿ ಎರಡನೆಯ ಪ್ರತಿಯಾಗಿ ಕೂರುತ್ತದೆ. ದೂರದ ಊರುಗಳಲ್ಲಿರುವ ಮಕ್ಕಳೊಡನೆ ಹಂಚಿಕೊಳ್ಳುವ ಮನೆಗಳಿಗಾದರೋ ಇದಕ್ಕಿಂತ ಅನುಕೂಲವಾದುದು ಬೇರೆ ಕಾಣದು.

ಒಡೆತನದ ಪ್ರಶ್ನೆ ಕಟುವಾಗಿ ಎದುರಾಗುವುದು ಒಂದು ಖಾತೆ ಮುಚ್ಚುವಾಗ. ಮಗಳು ಮದುವೆಯಾಗಿ ಹೋಗಿರಬಹುದು, ತಂದೆ ತೀರಿಕೊಂಡಿರಬಹುದು. ಉಳಿದವರು ಯಂತ್ರವನ್ನು ಹಗುರಗೊಳಿಸಲೆಂದು ಬಳಕೆಯಲ್ಲಿಲ್ಲದ ಖಾತೆಯನ್ನು ತೆಗೆಯಲು ಹೊರಡುತ್ತಾರೆ. ಮ್ಯಾಕ್ ಯಂತ್ರವು ಆಗ ಮೂರು ಆಯ್ಕೆಗಳನ್ನು ಮುಂದಿಡುತ್ತದೆ: ಆ ಖಾತೆಯ ಫೋಲ್ಡರನ್ನು ಒಂದೇ ಕಡತವಾಗಿ ಕಟ್ಟಿಡುವುದು, ಇದ್ದಂತೆಯೇ ಬಿಡುವುದು, ಅಳಿಸಿಹಾಕುವುದು. ಮೂರನೆಯದನ್ನು ಒತ್ತಿದರೆ ಬೇರೆಡೆ ಪ್ರತಿಯಿಲ್ಲದ ಚಿತ್ರಗಳೂ ಅವುಗಳ ಹೆಸರುಗಳೂ ಒಟ್ಟಿಗೆ ಹೋಗುತ್ತವೆ. ಎರಡನೆಯದನ್ನು ಒತ್ತಿದರೆ ಫೋಲ್ಡರು ಹಾಗೆಯೇ ಉಳಿದು, ಅದರ ಹೆಸರಿನ ಮುಂದೆ ‘ಅಳಿಸಲಾಗಿದೆ’ ಎಂಬರ್ಥದ ಪದವೊಂದು ಸೇರುತ್ತದೆ. ಆಡಳಿತಗಾರರ ಅಧಿಕಾರವುಳ್ಳ ಖಾತೆಯಿಂದ ಅದರ ಅನುಮತಿಗಳನ್ನು ಬದಲಿಸಿ ಭಂಡಾರವನ್ನು ಹೊರಗೆ ನಕಲು ಮಾಡಿಕೊಳ್ಳಬಹುದು. ಹಾಗೆ ನಕಲು ಮಾಡುವ ಮುನ್ನ ಆ ಕಡತಗಳ ವಿವರವನ್ನು ತೆರೆದು ನೋಡಿದರೆ, ಒಡೆಯರ ಹೆಸರು ಇರುತ್ತಿದ್ದ ಜಾಗದಲ್ಲಿ ಹೆಸರಿರುವುದಿಲ್ಲ. ಖಾತೆ ತೆರೆದ ದಿನ ಯಂತ್ರವು ಅವರಿಗೆ ಕೊಟ್ಟಿದ್ದ 501, 502ರಂಥ ಒಂದು ಅಂಕಿ ಮಾತ್ರ ಉಳಿದಿರುತ್ತದೆ.