ಗೇರುಬೀಜದ ಕಾರ್ಖಾನೆದಾರರು ಕಚ್ಚಾ ಮಾಲಿನ ಖರ್ಚನ್ನು ಲೆಕ್ಕಮಾಡುವ ಕ್ರಮ

ಮಂಗಳೂರಿನ ಶಕ್ತಿನಗರ, ಕುಲಶೇಖರಗಳ ಕಡೆಯ ಮುರಕಲ್ಲಿನ ಪದವುಗಳಂತಹ ನೆಲದಲ್ಲಿ, ಬೇರೆ ಬೆಳೆಗಳು ಬಾರದೆಡೆಯಲ್ಲಿಯೂ, ಗೇರುಮರವು ಫಲಕೊಡುತ್ತದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ಈ ಕರಾವಳಿಗೆ ತಂದ ಈ ಮರವು ಇಂದು ಅನೇಕ ಹಿಡುವಳಿದಾರರ ಆದಾಯಕ್ಕೆ ಆಧಾರವಾಗಿದೆ. ಆದರೆ ಬೆಳೆಗಾರನು ಕಿಲೋ ಒಂದರ ದರವನ್ನು ಮಾತ್ರ ವಿಚಾರಿಸುತ್ತಾನೆ. ಕಾರ್ಖಾನೆದಾರನ ಲೆಕ್ಕವು ಬೇರೆ. ಅದನ್ನು ಅರಿಯದವನು ಒಳ್ಳೆಯ ಮಾಲನ್ನೂ ಕೀಳು ಬೆಲೆಗೆ ಕೊಡಬೇಕಾಗುವುದು.

1. ತಿರುಳಿನ ಲೆಕ್ಕ. ಕಾರ್ಖಾನೆಯು ಕೊಳ್ಳುವುದು ಬೀಜವನ್ನು, ಮಾರುವುದು ತಿರುಳನ್ನು. ಗಣಿತವು ತಿಳಿಯಲೆಂದು ಒಂದು ಉದಾಹರಣೆಯನ್ನು ಕೊಡುತ್ತೇವೆ. ಇದು ಪೇಟೆಯ ದರವಲ್ಲ. ಕಿಲೋಗೆ 112 ರೂಪಾಯಿಯ 100 ಕಿಲೋ ಬೀಜದಲ್ಲಿ 28 ಕಿಲೋ ತಿರುಳು ದೊರೆತರೆ, ತಿರುಳಿನ ಅಸಲು ಕಿಲೋಗೆ 400 ರೂಪಾಯಿ. ಕಿಲೋಗೆ 108 ರೂಪಾಯಿಯ ಬೀಜದಲ್ಲಿ 24 ಕಿಲೋ ಮಾತ್ರ ದೊರೆತರೆ, ಅಸಲು 450 ರೂಪಾಯಿ. ನಾಲ್ಕು ರೂಪಾಯಿ ಅಗ್ಗವಾದ ಬೀಜವೇ ಐವತ್ತು ರೂಪಾಯಿ ದುಬಾರಿಯಾಯಿತು.

2. ಕೊಯ್ದು ನೋಡುವ ಪರೀಕ್ಷೆ. ಆದುದರಿಂದ ದೊಡ್ಡ ವ್ಯಾಪಾರಿಗಳು ಮೂಟೆಗಳಿಂದ ಮಾದರಿಯನ್ನು ತೆಗೆದು, ಬೀಜಗಳನ್ನು ಕೊಯ್ದು, ಒಳ್ಳೆಯ ತಿರುಳನ್ನು ತೂಗುತ್ತಾರೆ. 80 ಕಿಲೋ ಮೂಟೆಗೆ ಎಷ್ಟು ಪೌಂಡು ತಿರುಳೆಂದು ಹೇಳುವುದು ಈ ವ್ಯಾಪಾರದ ವಾಡಿಕೆ. 48 ಪೌಂಡು ಎಂದರೆ ನೂರಕ್ಕೆ ಸುಮಾರು 27 ಭಾಗ. ಕಿಲೋಗೆ ಎಷ್ಟು ಬೀಜಗಳು ಬರುವುವೆಂಬುದನ್ನೂ, ತೇವವನ್ನೂ ನೋಡುವರು. ದಪ್ಪ ತಿರುಳಿಗೆ ಬೆಲೆ ಹೆಚ್ಚು, ತುಂಡಿಗೆ ಕಡಿಮೆ.

3. ದಾಸ್ತಾನು ಮತ್ತು ಆಮದು. ನಮ್ಮ ಫಸಲು ಬೇಸಗೆಯ ಕೆಲವು ತಿಂಗಳು ಮಾತ್ರ. ಕಾರ್ಖಾನೆಯ ಕೆಲಸವು ವರ್ಷವಿಡೀ. ಫಸಲಿನಲ್ಲಿ ಹೆಚ್ಚು ಕೊಂಡರೆ ಬಂಡವಾಳಕ್ಕೆ ಬಡ್ಡಿ ತಗಲುತ್ತದೆ. ಕಡಿಮೆ ಕೊಂಡರೆ ಕೆಲಸ ನಿಲ್ಲುತ್ತದೆ. ಈ ಕೊರತೆಯನ್ನು ಆಫ್ರಿಕದ ಐವರಿ ಕೋಸ್ಟ್, ಟಾಂಜಾನಿಯಾ ಮುಂತಾದ ದೇಶಗಳ ಬೀಜದಿಂದ ತುಂಬಿಕೊಳ್ಳುತ್ತಾರೆ. ಆದಕಾರಣ ಆ ದೇಶಗಳ ಫಸಲು, ಹಡಗಿನ ಬಾಡಿಗೆ, ಡಾಲರಿನ ಬೆಲೆ ಇವೆಲ್ಲವೂ ನಮ್ಮೂರ ದರವನ್ನು ಮುಟ್ಟುತ್ತವೆ.

4. ಉಪಪದಾರ್ಥಗಳು. ಅಮೆರಿಕದ ಚಿಕಾಗೋ ನಗರದ ಮಾಂಸದ ಕಾರ್ಖಾನೆಗಳು ಹಿಂದೆ ಚರ್ಮ, ಕೊಬ್ಬು, ಎಲುಬುಗಳನ್ನೂ ಮಾರಿ ದನದ ಅಸಲಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯುತ್ತಿದ್ದುವು. ಗೇರಿನಲ್ಲಿಯೂ ಹಾಗೆಯೇ. ಸಿಪ್ಪೆಯ ಎಣ್ಣೆಯು ಬಣ್ಣಕ್ಕೂ ವಾಹನಗಳ ಬ್ರೇಕಿನ ಸಾಮಾನಿಗೂ ಉಪಯೋಗ. ಎಣ್ಣೆ ತೆಗೆದ ಸಿಪ್ಪೆಯು ಉರುವಲು.

5. ಬೆಳೆಗಾರರು ಮಾಡತಕ್ಕದ್ದು.
(ಅ) ಬಲಿಯದ ಕಾಯಿಯನ್ನು ಕೀಳದೆ, ತಾನಾಗಿ ಉದುರಿದುದನ್ನು ಆರಿಸಿ, ಹಣ್ಣನ್ನು ಬೇರ್ಪಡಿಸತಕ್ಕದ್ದು.
(ಆ) ಬೀಜವನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ತೇವವಿದ್ದ ಬೀಜದ ತಿರುಳು ಕಪ್ಪಾಗುವುದು, ಬೂಷ್ಟು ಹಿಡಿಯುವುದು.
(ಇ) ಹಿಡಿ ಬೀಜವನ್ನು ನೀರಿಗೆ ಹಾಕಿ ನೋಡತಕ್ಕದ್ದು. ಜೊಳ್ಳು ತೇಲುವುದು, ಗಟ್ಟಿ ಮುಳುಗುವುದು. ಪರೀಕ್ಷಿಸಿದ ಬೀಜವನ್ನು ಪುನಃ ಒಣಗಿಸಬೇಕು.
(ಈ) ಹೊಸ ಬೀಜವನ್ನು ಹಳೆಯದರೊಡನೆ ಬೆರಸಕೂಡದು. ಒಂದು ಮೂಟೆಯ ಕಲಬೆರಕೆಯು ಇಡೀ ಊರಿನ ಮಾಲಿಗೆ ಕೆಟ್ಟ ಹೆಸರು ತರುವುದು.

ಊರಿನ ಮುಖಂಡರು ಒಣಗಿಸಲು ಒಂದು ಸಾಮಾನ್ಯ ಕಣವನ್ನೂ ತಕ್ಕಡಿಯನ್ನೂ ಏರ್ಪಡಿಸಿ, ಚಿಕ್ಕ ಹಿಡುವಳಿದಾರರ ಬೀಜವನ್ನು ದರ್ಜೆವಾರು ಒಟ್ಟುಗೂಡಿಸಿ, ವ್ಯಾಪಾರಿಯ ಎದುರಿನಲ್ಲಿಯೇ ಕೊಯ್ದು ನೋಡಿ ಮಾರುವುದು ಉತ್ತಮ. ತನ್ನ ಬೀಜದಲ್ಲಿ ತಿರುಳೆಷ್ಟೆಂದು ಬಲ್ಲವನು ಮಾತ್ರ ಅದಕ್ಕೆ ತಕ್ಕ ಬೆಲೆಯನ್ನು ಕೇಳಬಲ್ಲನು.